ವೇಷ ಬದಲಿಸಿದರೆ ಸಾಕೇ? ಆಫ್ರಿಕಾದ ರಂಗದ ಮೇಲೆ ಶೇಕ್ಸ್‌ಪಿಯರ್‌ನ ದುರಂತ ನಾಟಕಗಳು

2024ರಲ್ಲಿ ಕೇಪ್‌ಟೌನ್‌ನ ಬ್ಯಾಕ್ಸ್‌ಟರ್ ಥಿಯೇಟರ್‌ನಲ್ಲಿ 'ಒಥೆಲೊ' ನಾಟಕ ಆಡಿದರು. ವೆನಿಸ್‌ನ ಬಿಳಿಯರ ಸೈನ್ಯದಲ್ಲಿ ದುಡಿಯುವ ಕಪ್ಪು ಸೇನಾಪತಿ ಒಥೆಲೊ, ಸುಳ್ಳು ಚಾಡಿ ನಂಬಿ ತನ್ನ ಬಿಳಿಯ ಹೆಂಡತಿಯನ್ನು ಕೊಲ್ಲುವ ಕಥೆ ಅದು. ನಿರ್ದೇಶಕಿ ಲಾರಾ ಫುಟ್. ಒಥೆಲೊ ಆಗಿ ಬಂದವರು ಅಟಾಂಡ್ವಾ ಕಾನಿ. ಕಥೆಯನ್ನು ವೆನಿಸ್ ಮತ್ತು ಸೈಪ್ರಸ್‌ನಿಂದ ಎತ್ತಿ, ಜರ್ಮನ್ನರ ವಸಾಹತಾಗಿದ್ದ ನೈರುತ್ಯ ಆಫ್ರಿಕಾಕ್ಕೆ, ಅಂದರೆ ಈಗಿನ ನಮೀಬಿಯಾಕ್ಕೆ ತಂದಿದ್ದರು. 1904ರಿಂದ 1908ರವರೆಗೆ ಹೆರೆರೊ ಮತ್ತು ನಾಮಾ ಜನರನ್ನು ಜರ್ಮನ್ ಸೈನ್ಯ ಸಾವಿರಾರು ಸಂಖ್ಯೆಯಲ್ಲಿ ಕೊಂದ ನೆಲ ಅದು. ಅಂಥ ಕಡೆ ಬಿಳಿಯರ ಪರವಾಗಿ ಕಪ್ಪು ಸೇನಾಪತಿಯೊಬ್ಬ ನಿಂತಿದ್ದಾನೆ ಅಂದರೆ, ಒಥೆಲೊ ಮೇಲೆ ನಮಗಿರುವ ಕನಿಕರ ಮೊದಲಿನಂತೆ ಸಲೀಸಾಗಿ ಉಳಿಯುವುದಿಲ್ಲ. ಅವನು ಅವಮಾನ ಉಂಡವನು, ನಿಜ. ಆದರೆ ತನ್ನಂಥವರನ್ನೇ ತುಳಿಯುವ ಸೈನ್ಯದ ಚಾಕರಿಯಲ್ಲಿ ಇರುವವನೂ ಹೌದು.

ಅಟಾಂಡ್ವಾ ಅವರ ತಂದೆ ಜಾನ್ ಕಾನಿ. 1987ರಲ್ಲಿ ಇದೇ ಪಾತ್ರವನ್ನು ಜೊಹಾನ್ಸ್‌ಬರ್ಗ್‌ನ ಮಾರ್ಕೆಟ್ ಥಿಯೇಟರ್‌ನಲ್ಲಿ ಮಾಡಿದವರು ಅವರು. ಒಂದೇ ದೇಶ, ಒಂದೇ ಮನೆ, ಒಂದೇ ಪಾತ್ರ. ಆದರೆ ತಂದೆಯ ಕಾಲದಲ್ಲಿ ಕಥೆಯ ಊರನ್ನಾಗಲಿ ಕಾಲವನ್ನಾಗಲಿ ಬದಲಿಸುವ ಅಗತ್ಯವೇ ಬೀಳಲಿಲ್ಲ. ಮಗನ ಕಾಲಕ್ಕೆ ಬಿತ್ತು. ಯಾಕೆ?

'ಶೇಕ್ಸ್‌ಪಿಯರ್ ಎಲ್ಲರಿಗೂ ಸೇರಿದವನು' ಅಂತ ಒಂದು ಕಡೆಯವರು, 'ಅವನು ವಸಾಹತುಗಾರರ ಸಾಮಾನು, ವಾಪಸ್ ಕಳಿಸಿ' ಅಂತ ಇನ್ನೊಂದು ಕಡೆಯವರು. ಆಫ್ರಿಕಾದಲ್ಲಿ ಈ ಜಗಳ ಅರವತ್ತು ವರ್ಷಗಳಿಂದ ನಡೆಯುತ್ತಿದೆ. ಎರಡೂ ಮಾತು ನನಗೆ ಅಷ್ಟು ಉಪಯೋಗಕ್ಕೆ ಬಂದಿಲ್ಲ. ಕೇಳಬೇಕಾದದ್ದು ಬೇರೆ. ಎದುರಿಗೆ ಕೂತವರು ಯಾರು? ಅವರ ಮುಂದೆ ಈ ಕಥೆಯ ಯಾವ ಕೀಲು ಸಡಿಲವಾಗುತ್ತದೆ? ಆ ಕೀಲನ್ನು ಮುಟ್ಟಿದ ರೂಪಾಂತರಗಳು ನಿಂತಿವೆ. ಬರೀ ಉಡುಪು, ಡೋಲು, ಹೆಸರು ಬದಲಿಸಿದವು ಚೆನ್ನಾಗಿ ಕಾಣಿಸಿವೆ, ಅಷ್ಟೇ.

1987ರ ನಾಟಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಾರ್ಕೆಟ್ ಥಿಯೇಟರ್ ಇರುವುದು ಹಿಂದೆ ಭಾರತೀಯ ವ್ಯಾಪಾರಿಗಳ ಹಣ್ಣಿನ ಮಾರುಕಟ್ಟೆಯಾಗಿದ್ದ ಕಟ್ಟಡದಲ್ಲಿ. ಹೆಸರು ಬಂದದ್ದೂ ಹಾಗೆಯೇ. 1976ರಲ್ಲಿ ಶುರುವಾದ ಈ ರಂಗಮಂದಿರದಲ್ಲಿ ಕಪ್ಪು, ಬಿಳಿ ಪ್ರೇಕ್ಷಕರು ಒಟ್ಟಿಗೆ ಕೂರುತ್ತಿದ್ದರು. ವರ್ಣಭೇದದ ಕಾಲದಲ್ಲಿ ಅದೇ ದೊಡ್ಡ ಸಾಹಸ. ಕಪ್ಪು ಗಂಡು ಬಿಳಿ ಹೆಣ್ಣಿನ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಕಾನೂನುಗಳನ್ನು ಸರ್ಕಾರ ತೆಗೆದುಹಾಕಿದ್ದು 1985ರಲ್ಲಿ, ಅಂದರೆ ಎರಡೇ ವರ್ಷ ಮುಂಚೆ. ಪುಸ್ತಕದಿಂದ ಕಾನೂನು ಹೋಗಿತ್ತು, ಜನರ ಕಣ್ಣಿನಿಂದ ಹೋಗಿರಲಿಲ್ಲ.

ನಿರ್ದೇಶಕಿ ಜಾನೆಟ್ ಸುಜ್‌ಮನ್ ಮೂಲದ ಇಂಗ್ಲಿಷನ್ನೇ ಇಟ್ಟುಕೊಂಡರು. ಒಥೆಲೊನ ಹೆಂಡತಿ ಡೆಸ್ಡಿಮೋನಾ ಪಾತ್ರದಲ್ಲಿ ಜೊಆನಾ ವೈನ್‌ಬರ್ಗ್. ರಂಗದ ಮೇಲೆ ಕಾನಿ ಆಕೆಗೆ ಮುತ್ತಿಟ್ಟಾಗ ಸಭಾಂಗಣದಲ್ಲಿ ಕೆಲವರು ಎದ್ದು ಹೊರಗೆ ನಡೆದರು. ನಾನೂರು ವರ್ಷ ಹಳೆಯ ನಾಟಕದ ಒಂದು ಮುತ್ತಿಗೆ ಜನ ಸೀಟು ಬಿಟ್ಟು ಹೋಗುತ್ತಾರೆ ಅಂದರೆ, ಅಲ್ಲಿ ರೂಪಾಂತರದ ಕೆಲಸವನ್ನು ನಿರ್ದೇಶಕರು ಮಾಡಬೇಕಿಲ್ಲ ಅಲ್ವಾ? ದೇಶವೇ ಮಾಡಿಕೊಟ್ಟಿತ್ತು. ಚಾಡಿ ಹೇಳುವ ಇಯಾಗೊ ಬಾಯಿಂದ ಬರುವ ಹೊಲಸು ಮಾತುಗಳನ್ನು ಪ್ರೇಕ್ಷಕರು ಬೀದಿಯಲ್ಲಿ, ಪೊಲೀಸ್ ಠಾಣೆಯಲ್ಲಿ ದಿನವೂ ಕೇಳುತ್ತಿದ್ದರು.

ಅದೇ ನಾಟಕವನ್ನು ನೈಜೀರಿಯಾದ ಇಗ್ಬೊ ಹಳ್ಳಿಯೊಂದಕ್ಕೆ ಒಯ್ಯಿರಿ. ಅಲ್ಲಿ ಎಲ್ಲರೂ ಕಪ್ಪಗಿದ್ದಾರೆ. ಒಥೆಲೊ ಕಪ್ಪಗಿದ್ದಾನೆ ಎಂಬುದು ಅಲ್ಲಿ ಸುದ್ದಿಯೇ ಅಲ್ಲ. ಬಣ್ಣದ ಕೀಲು ಕಳಚಿದರೆ ಉಳಿಯುವುದು ಏನು? ಹೆಂಡತಿಯ ಮೇಲೆ ಸಂಶಯಪಟ್ಟ ಗಂಡನ ಕಥೆ, ಅಷ್ಟೇ. ಅಂಥದ್ದಕ್ಕೆ ಶೇಕ್ಸ್‌ಪಿಯರ್ ಬೇಕಾಗಿಲ್ಲ.

ನೈಜೀರಿಯಾದ ನಾಟಕಕಾರ ಅಹ್ಮದ್ ಯೆರಿಮಾ ಇದಕ್ಕೆ ಹುಡುಕಿದ ದಾರಿ ನನಗೆ ತುಂಬಾ ಇಷ್ಟ. ಅವರ 'ಒಟೇಲೊ'ದಲ್ಲಿ ನಾಯಕ ಒಬ್ಬ 'ಓಸು'. ಇಗ್ಬೊ ಸಮಾಜದಲ್ಲಿ ದೇವತೆಯೊಂದಕ್ಕೆ ಒಪ್ಪಿಸಿಬಿಟ್ಟವರು ಮತ್ತು ಅವರ ಸಂತತಿಯವರು ಓಸುಗಳು. ಅವರ ಜೊತೆ ಉಳಿದವರು ಮದುವೆ ಸಂಬಂಧ ಬೆಳೆಸುವುದಿಲ್ಲ. 1956ರಲ್ಲೇ ಪೂರ್ವ ನೈಜೀರಿಯಾದ ಸರ್ಕಾರ ಈ ಪದ್ಧತಿಯನ್ನು ಕಾನೂನಿನಿಂದ ರದ್ದು ಮಾಡಿತು. ಆದರೂ ಹುಡುಗ ಹುಡುಗಿ ಒಪ್ಪಿದ ಮೇಲೆ ಹಿರಿಯರು ಮನೆತನ ವಿಚಾರಿಸಿ, ಓಸು ಅಂತ ಗೊತ್ತಾಗಿ ಮಾತುಕತೆ ಮುರಿದುಬೀಳುವುದು ನಿಂತಿಲ್ಲ. ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನೋಡಿ. ಯುದ್ಧ ಗೆದ್ದ ಓಸು ವೀರ. ಊರಿಗೆ ಅವನ ಕತ್ತಿ ಬೇಕು, ಅವನ ಕೈ ಹಿಡಿಯುವ ಹೆಣ್ಣು ಕೊಡಲಾರರು. ಇದು ವೆನಿಸ್ ಒಥೆಲೊಗೆ ಮಾಡಿದ್ದೇ. ಬಣ್ಣ ಹೋಯಿತು, ಆದರೆ ಬಣ್ಣ ನಾಟಕದಲ್ಲಿ ಮಾಡುತ್ತಿದ್ದ ಕೆಲಸ ಉಳಿಯಿತು. ಹೆಚ್ಚಾಗಿ ನೋಡಿದರೆ ಇನ್ನೂ ಕ್ರೂರವಾಯಿತು. ಯಾಕೆಂದರೆ ಬಣ್ಣ ಕಣ್ಣಿಗೆ ಕಾಣುತ್ತದೆ, ಓಸುತನ ಕಾಣುವುದಿಲ್ಲ. ಊರು ನೆನಪಿಟ್ಟುಕೊಂಡರೆ ಮಾತ್ರ ಅದು ಇರುತ್ತದೆ, ಮತ್ತು ಊರು ಮರೆಯುವುದಿಲ್ಲ.

'ಹ್ಯಾಮ್ಲೆಟ್' ವಿಷಯ ಇನ್ನೂ ತೊಡಕು. ಅಮೆರಿಕದ ಮಾನವಶಾಸ್ತ್ರಜ್ಞೆ ಲಾರಾ ಬೊಹಾನನ್ 1966ರಲ್ಲಿ ಒಂದು ಲೇಖನ ಬರೆದರು. ಈ ವಿಷಯದ ಮೇಲೆ ಓದಲೇಬೇಕಾದ ಒಂದೇ ಬರಹ ಹೇಳಿ ಅಂದರೆ ನಾನು ಅದನ್ನೇ ಹೇಳುತ್ತೇನೆ. ನೈಜೀರಿಯಾದ ಟಿವ್ ಜನರ ನಡುವೆ ಆಕೆ ಸಂಶೋಧನೆಗೆ ಇದ್ದರು. ಮಳೆಗಾಲ. ಹೊಲಗೆಲಸ ಇಲ್ಲ, ಓಡಾಟ ಇಲ್ಲ. ಹಿರಿಯರು ಬೆಳಗಿನಿಂದ ಧಾನ್ಯದ ಹೆಂಡ ಕುಡಿಯುತ್ತಾ ಕಥೆ ಹೇಳುತ್ತಾ ಕೂರುತ್ತಿದ್ದರು. 'ನೀನೂ ನಿಮ್ಮ ಕಡೆಯ ಕಥೆ ಹೇಳು' ಅಂದರು. ಮನುಷ್ಯರ ಸ್ವಭಾವ ಎಲ್ಲ ಕಡೆ ಒಂದೇ, ಹ್ಯಾಮ್ಲೆಟ್ ಯಾರಿಗಾದರೂ ಅರ್ಥವಾಗುತ್ತಾನೆ ಎಂಬ ಧೈರ್ಯದಲ್ಲಿ ಆಕೆ ಶುರು ಮಾಡಿದರು.

ಮೊದಲ ದೃಶ್ಯದಲ್ಲೇ ಕಥೆ ಮುಗ್ಗರಿಸಿತು. ಸತ್ತ ರಾಜ ರಾತ್ರಿ ಕಾಣಿಸಿಕೊಂಡ ಅಂದರೆ, 'ಸತ್ತವರು ನಡೆಯುವುದಿಲ್ಲ, ಅದು ಮಾಟಗಾರ ಕಳಿಸಿದ ಶಕುನ' ಅಂದರು ಹಿರಿಯರು. ರಾಜನ ತಮ್ಮನೇ ಅಣ್ಣನ ಹೆಂಡತಿಯನ್ನು ಮದುವೆಯಾದ ಅಂದರೆ, 'ಒಳ್ಳೆಯದನ್ನೇ ಮಾಡಿದ, ಮತ್ತೇನು ಮಾಡಬೇಕಿತ್ತು?' ಅಂದರು. ಟಿವ್ ಜನರಲ್ಲಿ ಅಣ್ಣ ಸತ್ತರೆ ಅವನ ಹೆಂಡತಿ ಮಕ್ಕಳ ಹೊಣೆ ತಮ್ಮನದು. ರಾಣಿ ಬೇಗ ಮದುವೆಯಾದಳು, ದುಃಖಕ್ಕೆ ಎರಡು ವರ್ಷವಾದರೂ ಬೇಡವೇ ಅಂತ ಕೇಳಿದರೆ, ಹೆಂಗಸೊಬ್ಬಳು ತಟ್ಟನೆ ಕೇಳಿದಳು: ಗಂಡ ಇಲ್ಲದೆ ಅಷ್ಟು ದಿನ ಅವಳ ಹೊಲ ಅಗೆಯುವವರು ಯಾರು?

ಈ ಪ್ರಶ್ನೆಗೆ ಹ್ಯಾಮ್ಲೆಟ್‌ನ ಯಾವ ಸ್ವಗತದಲ್ಲೂ ಉತ್ತರ ಇಲ್ಲ. ಅಮ್ಮನ ಮರುಮದುವೆ ಅವಸರದ್ದು, ಅಸಹ್ಯದ್ದು ಎಂಬ ಭಾವನೆ ಅವನ ಅರ್ಧ ಸಂಕಟ. ಅದೇ ಇಲ್ಲಿ ಹೊರಟುಹೋಯಿತು. ಇನ್ನರ್ಧ, ಅಪ್ಪನನ್ನು ಕೊಂದ ಚಿಕ್ಕಪ್ಪನ ಮೇಲಿನ ಸೇಡು. ಅದೂ ನಿಲ್ಲಲಿಲ್ಲ. ಚಿಕ್ಕಪ್ಪನ ಮೇಲೆ ಮಗ ಕೈ ಎತ್ತುವಂತಿಲ್ಲ, ತಪ್ಪಾಗಿದ್ದರೆ ಅಪ್ಪನ ಓರಗೆಯವರು ನೋಡಿಕೊಳ್ಳಬೇಕು ಅನ್ನುವುದು ಅವರ ನ್ಯಾಯ. ಕೊನೆಗೆ ಹಿರಿಯರು ಆಕೆಗೆ, ಇನ್ನೂ ಕಥೆ ಹೇಳು, ಅವುಗಳ ನಿಜವಾದ ಅರ್ಥ ನಾವು ತಿಳಿಸಿಕೊಡುತ್ತೇವೆ ಅಂತ ಭರವಸೆ ಕೊಟ್ಟರು. ಈ ಲೇಖನವನ್ನು ಸುಮ್ನೆ ತಮಾಷೆ ಅಂತ ಓದುವವರು ಜಾಸ್ತಿ. ನನಗೆ ಅದು ನಿರ್ದೇಶಕರ ಕೈಪಿಡಿಯಂತೆ ಕಾಣುತ್ತದೆ. ಪ್ರೇಕ್ಷಕರು ಎಲ್ಲೆಲ್ಲಿ ತಡೆದು ಕೇಳುತ್ತಾರೋ ಅಲ್ಲೆಲ್ಲಾ ಹೊಸದಾಗಿ ಬರೆಯಬೇಕು ಅಂತ ಅದು ಬೊಟ್ಟು ಮಾಡಿ ತೋರಿಸುತ್ತದೆ.

ಇದಕ್ಕೆ ಹತ್ತಿರದ ಕಾಲದಲ್ಲೇ, 1965ರಲ್ಲಿ, ಘಾನಾದಲ್ಲಿ 'ಹಮಿಲೆ' ಎಂಬ ಸಿನಿಮಾ ಬಂತು. ಉತ್ತರ ಘಾನಾದ ತೋಂಗೊ ಎಂಬ ಊರಿನಲ್ಲಿ ನಡೆಯುವ ಹ್ಯಾಮ್ಲೆಟ್. ಘಾನಾ ವಿಶ್ವವಿದ್ಯಾಲಯದ ನಾಟಕ ಶಾಲೆಯವರು ನಟಿಸಿದ್ದರು. ಮನೆ, ಉಡುಪು, ಆಚಾರ ಎಲ್ಲ ಆ ಸೀಮೆಯದು. ಮಾತು ಮಾತ್ರ ಬಹುಪಾಲು ಶೇಕ್ಸ್‌ಪಿಯರ್‌ನ ಇಂಗ್ಲಿಷೇ. ಹೊಸದಾಗಿ ಸ್ವತಂತ್ರವಾದ ದೇಶವೊಂದು ನಮ್ಮಿಂದಲೂ ಇದು ಸಾಧ್ಯ ಅಂತ ತೋರಿಸಿಕೊಂಡ ಹೆಮ್ಮೆ ಅದರಲ್ಲಿದೆ. ಆದರೆ ಟಿವ್ ಹೆಂಗಸಿನಂಥವರು ಅಲ್ಲೂ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದರು ಅನ್ನಿಸುತ್ತದೆ.

ಕೀಲು ಮುಟ್ಟುವುದಕ್ಕೆ ಹೆದರದವರು ಈಜಿಪ್ಟಿನವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಾನ್ಯೂಸ್ ಅಬ್ದು ಎಂಬುವರು ಅರಬ್ಬಿಯಲ್ಲಿ ಮಾಡಿದ ಹ್ಯಾಮ್ಲೆಟ್ ಕೊನೆಯಲ್ಲಿ ಸಾಯುವುದೇ ಇಲ್ಲ. ಚಿಕ್ಕಪ್ಪನನ್ನು ಕೊಂದು ತಾನೇ ಪಟ್ಟಕ್ಕೆ ಬರುತ್ತಾನೆ. ಪಾತ್ರಧಾರಿ ಶೇಖ್ ಸಲಾಮಾ ಹಿಜಾಜಿ ದೊಡ್ಡ ಗಾಯಕರು. ಕೈರೋದ ಜನ ಟಿಕೆಟ್ ಕೊಳ್ಳುತ್ತಿದ್ದದ್ದು ಅವರ ಹಾಡಿಗೆ. ಹಾಡಿಲ್ಲದ ಹ್ಯಾಮ್ಲೆಟ್ ಯಾರಿಗೆ ಬೇಕು? ಕವಿ ಅಹ್ಮದ್ ಶೌಕಿ ಹಾಡು ಬರೆದುಕೊಟ್ಟರು. ನಮ್ಮ ಹಳೆಯ ಕಂಪನಿ ನಾಟಕಗಳನ್ನು ಬಲ್ಲವರಿಗೆ ಇದು ಗುರುತಿನ ದಾರಿ. ಒಥೆಲೊ ಇಲ್ಲಿ ಶೂರಸೇನನಾದ, ಮ್ಯಾಕ್‌ಬೆತ್ ಪ್ರತಾಪರುದ್ರದೇವನಾದ, ರೋಮಿಯೊ ಜೂಲಿಯೆಟ್ ರಾಮವರ್ಮ ಲೀಲಾವತಿಯರಾಗಿ ಸುಖಾಂತ ಕಂಡರು. ಆಮೇಲೆ ಬಂದ ವಿಮರ್ಶಕರು ಇದನ್ನೆಲ್ಲ ಮೂಲಕ್ಕೆ ಮಾಡಿದ ಅಪಚಾರ ಅಂತ ಮೂಗು ಮುರಿದರು, ಅಲ್ಲೂ ಇಲ್ಲೂ. ಆದರೆ ಆ ನಾಟಕಗಳು ಟಿಕೆಟ್ ಕೊಂಡು ಬಂದವರಿಗೆ ಬರೆದವು. ಪ್ರೊಫೆಸರರಿಗೆ ಬರೆದವಲ್ಲ.

ಮ್ಯಾಕ್‌ಬೆತ್ ಮಾತ್ರ ಆಫ್ರಿಕಾಕ್ಕೆ ಸಲೀಸಾಗಿ ಹೊಂದುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮಾಟಗಾತಿಯರು ನುಡಿದ ಭವಿಷ್ಯ ನಂಬಿ ದಳಪತಿಯೊಬ್ಬ ರಾಜನನ್ನು ಕೊಂದು ಪಟ್ಟಕ್ಕೇರುವ ಕಥೆ. ರಾಜ, ದಳಪತಿ, ಭವಿಷ್ಯ ನುಡಿಯುವವರು, ರಕ್ತ. ಈ ಸಲೀಸುತನದ ಮೇಲೇ ನನಗೆ ಸಂಶಯ ಜಾಸ್ತಿ.

ಇದರ ದೊಡ್ಡ ಉದಾಹರಣೆ ವೆಲ್ಕಮ್ ಮ್ಸೋಮಿಯವರ 'ಉಮಬಾಥಾ'. ಜುಲು ಭಾಷೆಯ ಮ್ಯಾಕ್‌ಬೆತ್. 1971ರಲ್ಲಿ ಡರ್ಬನ್‌ನಲ್ಲಿ ನಟಾಲ್ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಮೊದಲು ಆಡಿದರು, ಮರುವರ್ಷವೇ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರಕ್ಕೆ ಹೋಯಿತು. ಮ್ಯಾಕ್‌ಬೆತ್ ಇಲ್ಲಿ ಮಬಾಥಾ, ರಾಜ ಡಂಕನ್ ಇಲ್ಲಿ ಡಂಗಾನೆ, ಬ್ಯಾಂಕೊ ಇಲ್ಲಿ ಭಂಗಾನೆ, ಲೇಡಿ ಮ್ಯಾಕ್‌ಬೆತ್ ಕಮಾಡೊನ್ಸೆಲಾ. ಗುರಾಣಿ ಬಡಿಯುತ್ತಾ ಸಾಲುಸಾಲಾಗಿ ಬರುವ ಯೋಧರು, ನೆಲ ನಡುಗಿಸುವ ಕುಣಿತ, ಡೋಲು. ಭಾಷೆ ಗೊತ್ತಿಲ್ಲದ ಲಂಡನ್ ಜನ ಮೂಕರಾದರು. 1995ರಲ್ಲಿ ಮಂಡೇಲಾ ಅವರ ಒತ್ತಾಸೆಯಿಂದ ಅದು ಮತ್ತೆ ರಂಗಕ್ಕೆ ಬಂತು, 1997ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ನಡೆಯಿತು. ಮ್ಯಾಕ್‌ಬೆತ್ ಕಥೆಗೂ ಜುಲು ರಾಜ್ಯ ಕಟ್ಟಿದ ಶಾಕಾ ದೊರೆಯ ಕಥೆಗೂ ಇರುವ ಹೋಲಿಕೆಯನ್ನು ಮಂಡೇಲಾ ಎತ್ತಿ ತೋರಿಸಿದ್ದರು. 1828ರಲ್ಲಿ ಶಾಕಾನನ್ನು ಕೊಂದವರು ಅವನ ಮಲತಮ್ಮಂದಿರೇ ತಾನೆ.

ಆದರೆ ಒಂದು ಕಡೆ ಕಾಲು ಎಡವುತ್ತದೆ. ಮೂರು ಮಾಟಗಾತಿಯರ ಜಾಗದಲ್ಲಿ ಮ್ಸೋಮಿ ತಂದದ್ದು ಸಾಂಗೋಮಾಗಳನ್ನು. ಜುಲು ಸಮಾಜದಲ್ಲಿ ಸಾಂಗೋಮಾ ಮಾಟ ಮಾಡುವವರಲ್ಲ. ಮಾಟ ಮಾಡಿದವರನ್ನು ಕಂಡುಹಿಡಿಯುವವರು, ಕಾಯಿಲೆ ವಾಸಿ ಮಾಡುವವರು, ಪೂರ್ವಜರ ಮಾತು ತಿಳಿಸುವವರು. ಊರಿನಲ್ಲಿ ದೇವರ ಅಪ್ಪಣೆ ಹೇಳುವ ಪೂಜಾರಪ್ಪನನ್ನೇ ರಂಗದ ಮೇಲೆ ಮಾಟಗಾರನ ಜಾಗದಲ್ಲಿ ನಿಲ್ಲಿಸಿದ ಹಾಗಾಯಿತು. ಲಂಡನ್ನಿನ ಪ್ರೇಕ್ಷಕರಿಗೆ ಇಬ್ಬರೂ ಒಂದೇ. ಮೈತುಂಬ ಮಣಿ, ಬಾಲದ ಚಾಮರ, ವಿಚಿತ್ರ ಕೂಗು. ಡರ್ಬನ್ ಸುತ್ತಲಿನ ಜುಲು ಪ್ರೇಕ್ಷಕರಿಗೆ ಒಂದೇ ಅಲ್ಲ. ಪೂರ್ವಜರೇ ಹೇಳಿಕಳಿಸಿದ ಮಾತು ಅಂದಮೇಲೆ ಮಬಾಥಾ ಅದನ್ನು ನಂಬಿದ್ದು ತಪ್ಪು ಹೇಗೆ? ಮ್ಯಾಕ್‌ಬೆತ್‌ನ ಪಾಪದ ಲೆಕ್ಕವೇ ಇಲ್ಲಿ ಬದಲಾಗುತ್ತದೆ. ನಾಟಕ ಆ ಹೊಸ ಲೆಕ್ಕವನ್ನು ಹಿಡಿದು ಹೊರಟಿದ್ದರೆ ಅದ್ಭುತವಾಗುತ್ತಿತ್ತು. ಹೊರಡಲಿಲ್ಲ. ಶೇಕ್ಸ್‌ಪಿಯರ್‌ನ ದೃಶ್ಯಗಳ ಹಿಂದೆಯೇ ನಡೆಯಿತು.

ಇನ್ನೊಂದು ಆಕ್ಷೇಪ ರಾಜಕೀಯದ್ದು. 1970ರ ದಶಕದಲ್ಲಿ ವರ್ಣಭೇದದ ಸರ್ಕಾರ ಕಪ್ಪು ಜನರನ್ನು ಬುಡಕಟ್ಟುಗಳಾಗಿ ಒಡೆದು, ಬೇರೆಬೇರೆ ನೆಲಕ್ಕೆ ತಳ್ಳುತ್ತಿತ್ತು. ಆಗ ಕಪ್ಪು ಜನರ ಓಡಾಟಕ್ಕೆ ಕಡಿವಾಣ ಹಾಕುತ್ತಿದ್ದ ಪಾಸ್ ಕಾನೂನು, ಗಣಿ ಕೆಲಸ ಯಾವುದೂ ಇಲ್ಲದ, ಈಟಿ ಹಿಡಿದು ಕುಣಿಯುವ ಆಫ್ರಿಕಾವನ್ನು ಹೊರದೇಶಕ್ಕೆ ತೋರಿಸಿದರೆ ಲಾಭ ಯಾರಿಗೆ? ಮ್ಸೋಮಿ ಮೇಲೆ ಈ ಭಾರವನ್ನೆಲ್ಲ ಹೊರಿಸುವುದು ಅನ್ಯಾಯ. ತನ್ನ ಜನರ ಇತಿಹಾಸಕ್ಕೂ ದುರಂತದ ಘನತೆ ಇದೆ ಅಂತ ಅವರು ತೋರಿಸಹೊರಟವರು. ಆದರೂ ಪ್ರಶ್ನೆ ಸುಳ್ಳಲ್ಲ. ಮಾರಿಷಸ್‌ನ ದೇವ್ ವಿರಾಸಾಮಿ 1981ರಲ್ಲಿ ಕ್ರಿಯೋಲ್ ಭಾಷೆಯಲ್ಲಿ ಬರೆದ 'ಜೆನೆರಾಲ್ ಮಾಕ್‌ಬೆಫ್'ನಲ್ಲಿ ನಾಯಕ ಒಬ್ಬ ಮಿಲಿಟರಿ ಸರ್ವಾಧಿಕಾರಿ. 2014ರಲ್ಲಿ ದಕ್ಷಿಣ ಆಫ್ರಿಕಾದ ಬ್ರೆಟ್ ಬೇಲಿ ವರ್ಡಿಯ ಮ್ಯಾಕ್‌ಬೆತ್ ಸಂಗೀತ ನಾಟಕವನ್ನು ಪೂರ್ವ ಕಾಂಗೊಗೆ ಒಯ್ದು, ಭವಿಷ್ಯ ನುಡಿಯುವ ಜಾಗದಲ್ಲಿ ಗಣಿ ಕಂಪನಿಯನ್ನು ನಿಲ್ಲಿಸಿದರು. ಸೇನಾಪತಿಯ ಕಿವಿಯಲ್ಲಿ 'ನೀನೇ ರಾಜ' ಅಂತ ಉಸುರಿದವರು ಯಾರು ಎಂಬ ಪ್ರಶ್ನೆಗೆ ಇವು ಕೊಟ್ಟ ಉತ್ತರ ಹೆಚ್ಚು ಖಾರವಾಗಿದೆ.

ಇನ್ನು 'ಜೂಲಿಯಸ್ ಸೀಸರ್'. ಆಫ್ರಿಕಾದ ಭಾಷೆಗಳಿಗೆ ಇದು ಮತ್ತೆ ಮತ್ತೆ ಹೋದದ್ದು ಆಶ್ಚರ್ಯವಲ್ಲ. ಶಾಲೆಗಳಲ್ಲಿ ಪಠ್ಯವಾಗಿತ್ತು, ಇಂಗ್ಲಿಷ್ ಸರಳ, ಮತ್ತು ವಿಷಯ ಅಧಿಕಾರದ್ದು.

ದಕ್ಷಿಣ ಆಫ್ರಿಕಾದ ಸೋಲ್ ಪ್ಲಾಟ್ಯೆ ಅದನ್ನು ಸೆಟ್ಸ್ವಾನಾ ಭಾಷೆಗೆ ತಂದವರು. ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆದ ಸಂಘಟನೆಗೆ 1912ರಲ್ಲಿ ಮೊದಲ ಪ್ರಧಾನ ಕಾರ್ಯದರ್ಶಿಯಾಗಿದ್ದವರೂ ಅವರೇ. ಯೌವನದಲ್ಲಿ ಮಾಫೆಕಿಂಗ್‌ನಲ್ಲಿ ಕೋರ್ಟ್ ದುಭಾಷಿಯಾಗಿ ದುಡಿದಿದ್ದರು. ಅಲ್ಲಿ ಒಂದು ಮಾತು ತಪ್ಪಾಗಿ ದಾಟಿದರೆ ಒಬ್ಬನಿಗೆ ಜೈಲೇ ಗತಿ. ಆ ಕಿವಿಯಿಂದ ಶೇಕ್ಸ್‌ಪಿಯರ್‌ನನ್ನು ಕೇಳಿಸಿಕೊಂಡವರು. 1932ರಲ್ಲಿ ಅವರು ತೀರಿಕೊಂಡರು. ಸೀಸರ್ ಅಚ್ಚಾದದ್ದು 1937ರಲ್ಲಿ, ಅದೂ ವಿಶ್ವವಿದ್ಯಾಲಯದವರು ತಿದ್ದಿದ ಕಾಗುಣಿತದಲ್ಲಿ. ಹೊರಗಿನವರು ತಮ್ಮ ಭಾಷೆಗೆ ಹೇರುತ್ತಿದ್ದ ಹೊಸ ಕಾಗುಣಿತದ ವಿರುದ್ಧ ಪ್ಲಾಟ್ಯೆ ಬದುಕಿಡೀ ಜಗಳವಾಡಿದ್ದರು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಜೂಲಿಯಸ್ ನೈರೇರೆ ತಾಂಗಾನ್ಯಿಕಾದ (ಈಗಿನ ಟಾಂಜಾನಿಯಾದ ಮುಖ್ಯ ಭಾಗ) ಅಧ್ಯಕ್ಷರಾಗಿದ್ದಾಗಲೇ ಸೀಸರ್‌ನನ್ನು ಸ್ವಾಹಿಲಿಗೆ ತಂದರು. 1963ರಲ್ಲಿ ಪ್ರಕಟವಾಯಿತು. ಅದೇ ವರ್ಷ ಜನವರಿಯಲ್ಲಿ ಟೋಗೋದ ಅಧ್ಯಕ್ಷ ಸಿಲ್ವಾನಸ್ ಒಲಿಂಪಿಯೊ ಅವರನ್ನು ಸೈನಿಕರು ಕೊಂದಿದ್ದರು. ಮರುವರ್ಷ ಜನವರಿಯಲ್ಲಿ ನೈರೇರೆಯವರ ಸೈನ್ಯವೇ ದಂಗೆ ಎದ್ದಿತು. ನಾಯಕನನ್ನು ಕೊಂದರೆ ದೇಶ ಉಳಿಯುತ್ತದೆಯೇ ಎಂಬ, ಸೀಸರ್‌ನನ್ನು ಕೊಂದ ಬ್ರೂಟಸ್‌ನ ಚಿಂತೆಯನ್ನು ಆ ವರ್ಷಗಳಲ್ಲಿ ಸ್ವಾಹಿಲಿಯಲ್ಲಿ ಓದಿದವರಿಗೆ ಅದು ರೋಮಿನ ಸಂಗತಿ ಅನ್ನಿಸಿರಲಿಕ್ಕಿಲ್ಲ. 1964ರಲ್ಲಿ ಸಿಯೆರಾ ಲಿಯೋನ್‌ನ ಪತ್ರಕರ್ತ ಥಾಮಸ್ ಡೆಕರ್ ಅದೇ ನಾಟಕವನ್ನು ಕ್ರಿಯೊದಲ್ಲಿ ಬರೆದರು. ಕ್ರಿಯೊ ಅಂದರೆ ಒಡಕು ಇಂಗ್ಲಿಷ್, ಸಂತೆಯ ಭಾಷೆ ಅಂತ ಓದಿದವರು ನಗುತ್ತಿದ್ದ ಕಾಲ. ಸೀಸರ್‌ನ ಶವದ ಮುಂದೆ ಅವನ ಗೆಳೆಯ ಆಂಟನಿ ಮಾಡುವ ಭಾಷಣ ಅದೇ ಭಾಷೆಯಲ್ಲಿ ನಿಂತಿತು. ಕೀಲು ಬದಲಿಸಬೇಕಿರಲಿಲ್ಲ, ಭಾಷೆಯ ಆಯ್ಕೆಯೇ ವಾದವಾಗಿತ್ತು.

ವರ್ಣಭೇದದ ಸರ್ಕಾರ ಮಂಡೇಲಾ ಮತ್ತಿತರರನ್ನು ಸೆರೆಯಿಟ್ಟಿದ್ದ ರಾಬೆನ್ ದ್ವೀಪದ ಕಥೆಯನ್ನೂ ಇಲ್ಲೇ ಹೇಳಬೇಕು. ಕೈದಿ ಸನ್ನಿ ವೆಂಕಟರತ್ನಂ ಶೇಕ್ಸ್‌ಪಿಯರ್ ಸಮಗ್ರ ಕೃತಿಯ ಪುಸ್ತಕಕ್ಕೆ ದೀಪಾವಳಿ ಶುಭಾಶಯದ ಕಾರ್ಡುಗಳನ್ನು ಅಂಟಿಸಿ, ಇದು ನಮ್ಮ ಧರ್ಮಗ್ರಂಥ ಅಂತ ಕಾವಲುಗಾರರನ್ನು ನಂಬಿಸಿದ್ದರು. ಪುಸ್ತಕ ಕೈಯಿಂದ ಕೈಗೆ ಹೋಯಿತು, ಒಬ್ಬೊಬ್ಬರೂ ಮೆಚ್ಚಿದ ಸಾಲಿನ ಪಕ್ಕ ಸಹಿ ಹಾಕಿದರು. 1977ರ ಡಿಸೆಂಬರ್ 16ರಂದು ಮಂಡೇಲಾ ಸಹಿ ಹಾಕಿದ್ದು ಸೀಸರ್ ನಾಟಕಕ್ಕೆ, ಹೇಡಿಗಳು ಸಾಯುವ ಮುಂಚೆಯೇ ಹಲವು ಸಲ ಸಾಯುತ್ತಾರೆ ಎಂಬ ಮಾತಿಗೆ. ಅದನ್ನು ಆಡಿದವನು ಸ್ವತಃ ಸರ್ವಾಧಿಕಾರಿಯಾಗಹೊರಟ ಸೀಸರ್ ಎಂಬುದು ಬೇರೆ ಮಾತು.

ಜಾನ್ ಕಾನಿ ಶಾಲೆಯಲ್ಲಿ ಸೀಸರ್‌ನನ್ನು ಮೊದಲು ಕಂಡದ್ದು ಷೋಸಾ ಭಾಷೆಯಲ್ಲಿ, ಬಿ.ಬಿ. ಮ್ಡ್ಲೆಡ್ಲೆಯವರ ಅನುವಾದದಲ್ಲಿ. ಆಮೇಲೆ ಇಂಗ್ಲಿಷ್ ಮೂಲ ಓದಿದಾಗ ಅದು ಮ್ಡ್ಲೆಡ್ಲೆಯಷ್ಟು ಚೆನ್ನಾಗಿಲ್ಲ ಅನ್ನಿಸಿತು ಅಂತ ಅವರು ನಗುತ್ತಾ ಹೇಳಿಕೊಂಡಿದ್ದಾರೆ. ಈ ನಗುವಿನ ಹಿಂದೆ ಒಂದು ಬೇಸರದ ಸಂಗತಿಯಿದೆ. ಆಫ್ರಿಕಾದ ಭಾಷೆಗಳಲ್ಲಿರುವ ಇಂಥ ಒಳ್ಳೆಯ ಅನುವಾದಗಳಲ್ಲಿ ಬಹಳಷ್ಟು ಶಾಲೆಯ ಬೆಂಚಿನಲ್ಲೇ ಉಳಿದವು. ರಂಗದ ಮೇಲೆ, ಅದರಲ್ಲೂ ದೊಡ್ಡ ದುಡ್ಡು ಹಾಕಿದ ರಂಗದ ಮೇಲೆ, ಇಂಗ್ಲಿಷೇ ಮುಂದುವರಿಯಿತು. ಆ ಇಂಗ್ಲಿಷೂ ಲಂಡನ್ನಿನದೇ ಆಗಿರಬೇಕು! 1995ರಲ್ಲಿ ನಿರ್ದೇಶಕ ಗ್ರೆಗರಿ ಡೊರಾನ್ ಮತ್ತು ನಟ ಆಂಟನಿ ಶೇರ್ ಮಾರ್ಕೆಟ್ ಥಿಯೇಟರ್‌ನಲ್ಲಿ 'ಟೈಟಸ್ ಆಂಡ್ರೊನಿಕಸ್' ಆಡಿದಾಗ ಪಾತ್ರಗಳೆಲ್ಲ ದಕ್ಷಿಣ ಆಫ್ರಿಕಾದವರು ದಿನಾ ಮಾತಾಡುವ ಧಾಟಿಯಲ್ಲೇ ಮಾತಾಡಿದವು. ಕೇಪ್‌ಟೌನ್‌ನಲ್ಲಿ ಹುಟ್ಟಿ ಬೆಳೆದ ಶೇರ್ ಆಫ್ರಿಕಾನ್ಸ್ ಧಾಟಿ ಹಿಡಿದರು. ತಮ್ಮದೇ ಉಚ್ಚಾರ ಕೇಳಿ ಇದೇನು ಶೇಕ್ಸ್‌ಪಿಯರ್ ಅಂತ ಗೊಣಗಿದವರು ಸ್ಥಳೀಯ ಬಿಳಿಯರೇ. ಸೀಟುಗಳೂ ತುಂಬಲಿಲ್ಲ.

ವಿರೋಧದ ದನಿಗಳನ್ನು ಬದಿಗೆ ತಳ್ಳುವಂತಿಲ್ಲ. ಕೆನ್ಯಾದ ಗೂಗಿ ವಾ ಥಿಯಾಂಗೊ ಓದಿದ ಶಾಲೆಯಲ್ಲಿ ಪ್ರತಿವರ್ಷ ಶೇಕ್ಸ್‌ಪಿಯರ್ ನಾಟಕ ಆಡಿಸುತ್ತಿದ್ದರು. ಮುಂದೆ ಅವರು ಇಂಗ್ಲಿಷ್‌ನಲ್ಲಿ ಕಾದಂಬರಿ ಬರೆಯುವುದನ್ನೇ ಬಿಟ್ಟು ಗಿಕುಯು ಭಾಷೆಗೆ ತಿರುಗಿದರು. ಮಕ್ಕಳ ತಲೆಯಲ್ಲಿ ತಮ್ಮ ಭಾಷೆಯ ಜಾಗವನ್ನು ಇಂಗ್ಲಿಷ್ ನುಂಗಿತು ಎಂಬ ಅವರ ದೂರಿಗೆ ಉತ್ತರ ಸುಲಭವಿಲ್ಲ. ಆದರೆ ಈ ದೂರು ಅಧಿಕಾರಿಗಳ ಕೈಗೆ ಸಿಕ್ಕರೆ ಏನಾಗುತ್ತದೆ? 2001ರಲ್ಲಿ ದಕ್ಷಿಣ ಆಫ್ರಿಕಾದ ಗೌಟೆಂಗ್ ಪ್ರಾಂತ್ಯದಲ್ಲಿ ಶಾಲೆಗಳಿಗೆ ಪುಸ್ತಕ ಆರಿಸುವ ಸಮಿತಿ 'ಹ್ಯಾಮ್ಲೆಟ್', 'ಕಿಂಗ್ ಲಿಯರ್' ಮುಂತಾದವನ್ನು ಕೈಬಿಡಲು ಹೇಳಿತು. ಹ್ಯಾಮ್ಲೆಟ್‌ನಲ್ಲಿ ಆಶಾವಾದ ಇಲ್ಲ, ಲಿಯರ್‌ನಲ್ಲಿ ಬರೀ ಹಿಂಸೆ, ಹತಾಶೆ ಎಂಬ ಕಾರಣಕ್ಕೆ! ಅದೇ ಉಸಿರಿನಲ್ಲಿ ವರ್ಣಭೇದದ ವಿರುದ್ಧ ಬರೆದ ನಡೀನ್ ಗಾರ್ಡಿಮರ್ ಕಾದಂಬರಿಯನ್ನೂ ಜನಾಂಗದ್ವೇಷಿ ಅಂದಿತು. ಗದ್ದಲವಾಗಿ ಸರ್ಕಾರ ಹಿಂದೆ ಸರಿಯಿತು.

ಇನ್ನು ಆರಿಸುವ ಕೈ ಯಾರದು ಎಂಬ ವಿಷಯ. ರಾಯಲ್ ಶೇಕ್ಸ್‌ಪಿಯರ್ ಕಂಪನಿ 2012ರಲ್ಲಿ ಆಫ್ರಿಕಾದ ಸೀಸರ್ ಆಡಿತು, 2016ರಲ್ಲಿ ಘಾನಾದ ಬಣ್ಣಬಟ್ಟೆಗಳ ಹ್ಯಾಮ್ಲೆಟ್ ಆಡಿತು. ಎರಡೂ ಒಳ್ಳೆಯ ಹೆಸರು ಮಾಡಿದವು. ಎರಡೂ ಬ್ರಿಟಿಷ್ ಪ್ರೇಕ್ಷಕರಿಗೆ ಬ್ರಿಟಿಷರು ಮಾಡಿದ ಆಫ್ರಿಕಾ. ಅದೇ 2012ರಲ್ಲಿ ಲಂಡನ್ನಿನ ಗ್ಲೋಬ್ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಿಸಿತು. ನೈಜೀರಿಯಾದವರು ಯೊರುಬಾದಲ್ಲಿ 'ವಿಂಟರ್ಸ್ ಟೇಲ್' ಆಡಿದರು. ಕೆನ್ಯಾದ ನಟರು ಸ್ವಾಹಿಲಿಯಲ್ಲಿ 'ಮೆರ್ರಿ ವೈವ್ಸ್' ಆಡಿದರು. ಜಿಂಬಾಬ್ವೆಯ ಇಬ್ಬರು ನಟರು ಶೋನಾದಲ್ಲಿ 'ಟೂ ಜೆಂಟಲ್‌ಮೆನ್' ಮಾಡಿದರು. ಹ್ಯಾಮ್ಲೆಟ್ ಲಿಥುವೇನಿಯಾಕ್ಕೆ, ಮ್ಯಾಕ್‌ಬೆತ್ ಪೋಲೆಂಡಿಗೆ, ಲಿಯರ್ ಬೆಲರೂಸಿಗೆ ಹೋದವು. ಒಥೆಲೊ ಶಿಕಾಗೊದ ಹಿಪ್‌ಹಾಪ್ ತಂಡಕ್ಕೆ. ಆಫ್ರಿಕಾದ ತಂಡಗಳಿಗೆ ಈ ನಾಲ್ಕು ದುರಂತಗಳಲ್ಲಿ ಒಂದೂ ಬರಲಿಲ್ಲ, ಬಂದದ್ದು ಸುಖಾಂತ ನಾಟಕಗಳು. ಪಟ್ಟಿ ಮಾಡಿದವರಿಗೆ ಬೇರೆ ಕಾರಣಗಳಿದ್ದಿರಬಹುದು, ಬೇಕೆಂದೇ ಮಾಡಿದ್ದು ಅನ್ನಲಾರೆ. ಆದರೂ ಹಾಡು, ಕುಣಿತ, ನಗು ಆಫ್ರಿಕಾಕ್ಕೆ, ಯೋಚನೆ ಮಾಡಿ ಸಾಯುವ ಕೆಲಸ ಯುರೋಪು ಅಮೆರಿಕಗಳಿಗೆ ಅಂತ ಹಂಚಿದ ಹಾಗೆ ಕಾಣುವುದಂತೂ ಹೌದು. ಹುಟ್ಟಿ ಒಂದು ವರ್ಷವೂ ತುಂಬದ ದಕ್ಷಿಣ ಸುಡಾನಿನವರು ಜೂಬಾ ಅರಬ್ಬಿಯಲ್ಲಿ ಆಡಿದ್ದು 'ಸಿಂಬಲೀನ್', ದೊಡ್ಡ ಸಾಮ್ರಾಜ್ಯಕ್ಕೆ ಕಪ್ಪ ಕೊಡಲೊಲ್ಲದ ಚಿಕ್ಕ ರಾಜ್ಯದ ಕಥೆ. 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಪುಟದಲ್ಲಿ ಅದನ್ನು ದುರಂತಗಳ ಸಾಲಿಗೆ ಸೇರಿಸಿದ್ದಾರೆ, ಕೊನೆ ಸುಖವಾಗಿದ್ದರೂ. ಆ ಲೆಕ್ಕ ಹಿಡಿದರೆ ಆಫ್ರಿಕಾಕ್ಕೂ ಒಂದು ದುರಂತ ಸಿಕ್ಕಿತು ಅನ್ನಬಹುದು.